ಕೂಡಿದ ಬೆರಳು: ಬಿಡಿಸುವುದೇ, ಬಿಡುವುದೇ?

ನನ್ನ ಮಗ ಹುಟ್ಟಿದ ರಾತ್ರಿ ದಾದಿ ಅವನನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಮಗ್ಗುಲಿಗೆ ಮಲಗಿಸಿದಾಗ ಎಡಗೈ ಒಂದು ಮಾತ್ರ ಹೊರಗೆ ಚಾಚಿತ್ತು. ಮುಷ್ಟಿ ಬಿಡಿಸಿ ನೋಡಿದೆ. ಹೆಬ್ಬೆರಳು ಬಿಟ್ಟರೆ ಮೂರೇ ಬೆರಳು. ನಡುವಿನದು ಅಗಲವಾಗಿತ್ತು, ಅದರ ತುದಿಯಲ್ಲಿ ಅಕ್ಕಿಕಾಳಿನಷ್ಟು ಪುಟ್ಟ ಉಗುರುಗಳು ಎರಡು, ಅಕ್ಕಪಕ್ಕದಲ್ಲಿ. ನಡುಬೆರಳೂ ಉಂಗುರಬೆರಳೂ ಬುಡದಿಂದ ತುದಿಯವರೆಗೆ ಒಂದೇ ಚರ್ಮದ ಚೀಲದೊಳಗೆ ಕೂಡಿದ್ದವು.

ಬೆಳಗ್ಗೆ ಬಂದ ಮಕ್ಕಳ ವೈದ್ಯರು ಚೀಟಿಯ ಮೇಲೆ ಸಿಂಡ್ಯಾಕ್ಟಿಲಿ ಎಂದು ಬರೆದು, "ಒಂದು ವರ್ಷ ತುಂಬಲಿ, ನೋಡೋಣ" ಎಂದು ಹೋದರು. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ನಾಮಕರಣಕ್ಕೆ ಮುಂಚೆಯೇ ಬಿಡಿಸಿಬಿಡಬೇಕೆಂದು ಅತ್ತೆಯವರು. ಹಸುಗೂಸಿಗೆ ಕತ್ತರಿ ತಾಗಿಸಬೇಡಿ, ಶಾಲೆಗೆ ಸೇರಿದ ಮೇಲಾಯಿತು ಎಂದು ನನ್ನ ಅಮ್ಮ. ಕೂಡಿದ ಬೆರಳು ರಾಜಯೋಗ, ಮುಟ್ಟಲೇಬಾರದು ಎಂದು ಪಕ್ಕದ ಮನೆಯ ಅಜ್ಜಿ. ಅಜ್ಜಿಯ ಮಾತಿಗೂ ಒಂದು ಮೂಲವಿದೆ: ಬುದ್ಧನ ಮೂವತ್ತೆರಡು ಮಹಾಪುರುಷ ಲಕ್ಷಣಗಳಲ್ಲಿ ಜಾಲದಂತೆ ಹೆಣೆದ ಬೆರಳುಗಳೂ ಒಂದು.

ಅವನಿಗೀಗ ಎಂಟು ವರ್ಷ. ಆ ಮೊದಲ ಆರು ತಿಂಗಳಲ್ಲಿ ನಾನು ಹುಡುಕಿದ್ದು ಒಂದೇ ಒಂದು ಬರಹವನ್ನು: ಯಾವ ದಾರಿ ಹಿಡಿದರೆ ಏನು ಸಿಗುತ್ತದೆ, ಏನು ಕಳೆಯುತ್ತದೆ ಎಂದು ಪಕ್ಕಪಕ್ಕದಲ್ಲಿಟ್ಟು ಹೇಳುವಂಥದ್ದು. ಕನ್ನಡದಲ್ಲಿ ಸಿಗಲಿಲ್ಲ. ಅದಕ್ಕಾಗಿ ಇದು. ನಾನು ವೈದ್ಯಳಲ್ಲ, ಐದಾರು ವೈದ್ಯರ ಎದುರು ಕೂತು ಕೇಳಿ, ಓದಿ, ಒಂದು ಕೈಯನ್ನು ಎಂಟು ವರ್ಷ ನೋಡಿಕೊಂಡು ಬಂದ ತಾಯಿ.

ಗ್ರಹಣದ ಮಾತನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಬಸುರಿಯಲ್ಲಿ ಗ್ರಹಣದ ಹೊತ್ತು ನಾನು ಈಳಿಗೆಮಣೆಯ ಮೇಲೆ ಕೂತಿದ್ದೆನೇ ಎಂದು ಎಷ್ಟು ಜನ ಕೇಳಿದರೋ. ಗರ್ಭದಲ್ಲಿ ಕೈ ಮೊದಲು ಚಪ್ಪಟೆಯಾದ ಸೌಟಿನಂತೆ ಮೂಡುತ್ತದೆ. ಆರರಿಂದ ಎಂಟನೆಯ ವಾರದೊಳಗೆ ಬೆರಳುಗಳ ನಡುವಿನ ಜೀವಕೋಶಗಳು ತಾವಾಗಿ ಸತ್ತು ಸಂದು ಬಿಡುತ್ತವೆ. ಆ ಕೆಲಸ ಎಲ್ಲಿ ಅರ್ಧಕ್ಕೆ ನಿಂತಿತೋ ಅಲ್ಲಿ ಬೆರಳು ಕೂಡಿಯೇ ಉಳಿಯುತ್ತವೆ. ಎಷ್ಟೋ ತಾಯಂದಿರಿಗೆ ತಾವು ಬಸುರಿಯೆಂದು ಗೊತ್ತಾಗುವ ಹೊತ್ತಿಗೆ ಇದೆಲ್ಲ ನಡೆದುಹೋಗಿರುತ್ತದೆ. ಸುಮಾರು 2,000ದಿಂದ 2,500 ಮಕ್ಕಳಿಗೆ ಒಂದು ಮಗು ಹೀಗೆ ಹುಟ್ಟುತ್ತದೆ. ಗಂಡುಮಕ್ಕಳಲ್ಲಿ ಹೆಚ್ಚು. ಕೆಲವು ಮನೆತನಗಳಲ್ಲಿ ಹರಿದುಬರುತ್ತದೆ. ಈ ಕೊನೆಯ ಮಾತು ಕೇಳಿದ ದಿನ ಮನೆಗೆ ಬಂದು ನನ್ನ ಕಾಲನ್ನೇ ನೋಡಿಕೊಂಡೆ. ನನ್ನ ಎರಡೂ ಪಾದಗಳಲ್ಲಿ ಎರಡನೆಯ, ಮೂರನೆಯ ಬೆರಳು ಅರ್ಧದವರೆಗೆ ಕೂಡಿವೆ. ಮೂವತ್ತು ವರ್ಷ ಅದಕ್ಕೊಂದು ಹೆಸರಿದೆ ಎಂದೇ ನನಗೆ ಗೊತ್ತಿರಲಿಲ್ಲ.

ಕೈಬೆರಳೋ, ಕಾಲ್ಬೆರಳೋ

ಮೊದಲ ಕವಲು ಇದು. ಎರಡಕ್ಕೂ ಹೆಸರು ಒಂದೇ, ತೀರ್ಮಾನ ಮಾತ್ರ ಬೇರೆ.

ಕಾಲಿನಲ್ಲಿ ಸಾಮಾನ್ಯವಾಗಿ ಕೂಡುವುದು ಎರಡನೆಯ ಮತ್ತು ಮೂರನೆಯ ಬೆರಳು. ನಡೆಯಲು, ಓಡಲು, ಮರ ಹತ್ತಲು, ಚಪ್ಪಲಿ ಹಾಕಲು ಅಡ್ಡಿಯಿಲ್ಲ. ಚಪ್ಪಲಿಯ ಉಂಗುಷ್ಟ ಹೆಬ್ಬೆರಳಿನ ಪಕ್ಕಕ್ಕೆ ಬರುವುದರಿಂದ ಅದಕ್ಕೂ ತೊಂದರೆಯಿಲ್ಲ. ನನಗೆ ಬಂದ ತೊಡಕು ಒಂದೇ, ಅದೂ ಮದುವೆಯ ದಿನ. ಕಾಲುಂಗುರ ತೊಡಿಸುವಾಗ ಅದು ಬೆರಳಿನ ಅರ್ಧಕ್ಕೇ ನಿಂತಿತು. ಬುಡಕ್ಕೆ ಇಳಿಯಲು ಜಾಗವೇ ಇರಲಿಲ್ಲ. ಸೋದರತ್ತೆ ಸುಮ್ಮನೆ ಅದರ ಬಾಯಿ ಬಿಡಿಸಿ, ಬಿಡಿಯಾಗಿರುವ ಅರ್ಧಕ್ಕೆ ಹೊಂದುವಂತೆ ಒತ್ತಿದರು. ಇಂದಿಗೂ ಅಲ್ಲೇ ಕೂತಿದೆ.

ಕಾಲ್ಬೆರಳನ್ನು ಬಿಡಿಸಿದರೆ ಸಿಗುವುದು ನೋಟ ಮಾತ್ರ. ಕೊಡಬೇಕಾದ್ದು ಅರಿವಳಿಕೆ, ಬೇರೆಡೆಯಿಂದ ತೆಗೆದ ಚರ್ಮ, ವಾರಗಟ್ಟಲೆ ನೆಲಕ್ಕೆ ಊರದ ಕಾಲು, ಮುಂದೆ ಶೂ ಉಜ್ಜಿದಾಗ ನೋಯಬಹುದಾದ ಗಾಯದ ಗೆರೆ. ಬಹುಪಾಲು ಶಸ್ತ್ರವೈದ್ಯರು ಬೇಡವೆನ್ನುತ್ತಾರೆ. ನನ್ನ ಅಭಿಪ್ರಾಯವೂ ಅದೇ: ಬಿಡಿ. ದೊಡ್ಡದಾದ ಮೇಲೆ ಮಗುವಿಗೇ ಬೇಕೆನಿಸಿದರೆ ಆಗ ತಾನೇ ತೀರ್ಮಾನಿಸಲಿ. ಬೆರಳು ಒಂದರ ಮೇಲೊಂದು ಏರಿದ್ದರೆ, ಹೆಬ್ಬೆರಳು ಸೇರಿಕೊಂಡು ಪಾದರಕ್ಷೆಯೇ ಹಿಡಿಸದಿದ್ದರೆ ಮಾತು ಬೇರೆ.

ಕೈಯ ವಿಷಯ ಹಾಗಲ್ಲ. ಮುದ್ದೆ ಮುರಿಯುವುದು, ಗುಂಡಿ ಹಾಕುವುದು, ಪೆನ್ಸಿಲ್ ಹಿಡಿಯುವುದು, ಹೂ ಕಟ್ಟುವುದು, ಕೀಬೋರ್ಡ್ ಒತ್ತುವುದು, ಎಲ್ಲಕ್ಕೂ ಬೆರಳು ಒಂದೊಂದಾಗಿ ಮಡಚಬೇಕು, ಒಂದೊಂದಾಗಿ ಅಗಲಬೇಕು. ತುದಿಯವರೆಗೆ ಕೂಡಿದ ಬೆರಳಿಗೆ ಅದು ಸಾಧ್ಯವಿಲ್ಲ. ಬುಡದಲ್ಲಿ ಮಾತ್ರ ಸ್ವಲ್ಪ ಚರ್ಮ ಮೇಲೇರಿದ್ದು ಬೆರಳು ಚೆನ್ನಾಗಿ ಅಗಲುತ್ತಿದ್ದರೆ ಅದನ್ನೂ ಬಿಡಬಹುದು. ಅಲ್ಲಿಂದ ಮುಂದಕ್ಕೆ ಕೂಡಿದ್ದರೆ ಬಿಡಿಸುವುದೇ ಸರಿ.

ಚರ್ಮ ಮಾತ್ರವೋ, ಮೂಳೆಯೂ ಸೇರಿದೆಯೋ

ಬೆಳಕಿಗೆ ಹಿಡಿದು ಬೆರಳುಗಳ ನಡುವೆ ಮೆಲ್ಲಗೆ ಒತ್ತಿ ನೋಡಿ. ಎರಡು ಗಟ್ಟಿ ಕಡ್ಡಿಗಳ ನಡುವೆ ಮೆತ್ತಗಿನ ತಗ್ಗು ಸಿಕ್ಕಿ, ಒಂದನ್ನು ಅಲುಗಿಸಿದರೆ ಇನ್ನೊಂದು ತುಸು ಹಿಂದುಳಿಯುವಂತಿದ್ದರೆ ಚರ್ಮ ಮಾತ್ರ ಕೂಡಿರುವ ಸಾಧ್ಯತೆ ಹೆಚ್ಚು. ಉಗುರು ಎರಡಿದೆಯೋ, ಅಗಲವಾದ ಒಂದೇ ಉಗುರೋ ಎಂಬುದು ಇನ್ನೊಂದು ಸೂಚನೆ. ಉಗುರು ಒಂದೇ ಆಗಿದ್ದರೆ ಅದರ ಕೆಳಗಿನ ಮೂಳೆಯೂ ಬೆಸೆದಿರುವುದು ಸಾಮಾನ್ಯ. ಖಚಿತಪಡಿಸುವುದು ಎಕ್ಸ್-ರೇ. ಆದರೆ ಹುಟ್ಟಿದ ವಾರದಲ್ಲೇ ಅದಕ್ಕೆ ಓಡಬೇಕಿಲ್ಲ. ಎಳೆಗೂಸಿನ ಮೂಳೆಯ ಕೆಲವು ಭಾಗ ಇನ್ನೂ ಮೆತ್ತಗಿನ ಮೃದ್ವಸ್ಥಿಯೇ ಆಗಿರುವುದರಿಂದ ಚಿತ್ರದಲ್ಲಿ ಎಲ್ಲವೂ ಕಾಣುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮುಂಚೆ ತೆಗೆಸಿದರೆ ಸಾಕು.

ಚರ್ಮ ಮಾತ್ರವಾದರೆ ಫಲಿತಾಂಶ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಮೂಳೆಯೂ ಬೆಸೆದಿದ್ದರೆ ಬಿಡಿಸಿದ ಮೇಲೂ ಬೆರಳು ತುಸು ಬಾಗಬಹುದು, ಕೀಲು ಬಿಗಿಯಾಗಬಹುದು, ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಇದನ್ನು ಮೊದಲೇ ಬಾಯಿಬಿಟ್ಟು ಹೇಳುವ ವೈದ್ಯರನ್ನು ನಂಬಿ.

ಕೈಯ ಜೊತೆಗೆ ಮಗುವಿನ ಮೈಯನ್ನೂ ಪೂರ್ತಿ ನೋಡಿಸಿ. ಬೆರಳು ಕೂಡಿರುವ ಕೈಯ ಕಡೆಯ ಎದೆ ಚಪ್ಪಟೆಯಾಗಿದ್ದು ಅಲ್ಲಿನ ಸ್ನಾಯು ಇಲ್ಲವಾಗಿದ್ದರೆ ಅದಕ್ಕೆ ಪೋಲೆಂಡ್ ಸಿಂಡ್ರೋಮ್ ಎನ್ನುತ್ತಾರೆ. ಎರಡೂ ಕೈ, ಎರಡೂ ಕಾಲಿನ ಬೆರಳೆಲ್ಲ ಒಂದಾಗಿದ್ದು ತಲೆಬುರುಡೆಯ ಆಕಾರವೂ ಬೇರೆಯಾಗಿದ್ದರೆ ಅದು ಎಪರ್ಟ್ ಸಿಂಡ್ರೋಮ್ ಇರಬಹುದು. ಅಲ್ಲಿ ಬೆರಳಿಗಿಂತ ತಲೆಯ ಚಿಕಿತ್ಸೆಯೇ ಮುಂದಾಗಬೇಕಾಗುತ್ತದೆ. ಹೆಚ್ಚಿನ ಮಕ್ಕಳಲ್ಲಿ ಇದ್ಯಾವುದೂ ಇರುವುದಿಲ್ಲ, ಕೂಡಿದ ಬೆರಳಷ್ಟೇ.

ಈಗಲೋ, ಆಮೇಲೋ

ಮನೆಮನೆಯಲ್ಲೂ ಜಗಳವಾಗುವುದು ಇಲ್ಲಿಯೇ. ನನ್ನ ಅತ್ತೆಯೂ ಅಮ್ಮನೂ ವಾದ ಮಾಡುತ್ತಿದ್ದುದು ಮಗುವಿನ ವಯಸ್ಸಿನ ಮೇಲೆ. ಆದರೆ ಹೊತ್ತು ಯಾವುದೆಂದು ಹೇಳುವುದು ಕೂಡಿರುವ ಬೆರಳುಗಳೇ. ಪಕ್ಕಪಕ್ಕದ ಎರಡರ ಉದ್ದ ಎಷ್ಟು ಭಿನ್ನವೋ ಅಷ್ಟು ಬೇಗ ಬಿಡಿಸಬೇಕು.

ಅಂಚಿನ ಬೆರಳುಗಳನ್ನು ನೋಡಿ. ಕಿರುಬೆರಳು ಉಂಗುರಬೆರಳಿಗೆ ಅಂಟಿದ್ದರೆ, ಗಿಡ್ಡದು ಉದ್ದದ್ದನ್ನು ಬೆಳೆಯಗೊಡದೆ ಎಳೆದು ಹಿಡಿಯುತ್ತದೆ. ಎಳೆಯ ಕರುವನ್ನೂ ಎತ್ತನ್ನೂ ಒಂದೇ ನೊಗಕ್ಕೆ ಕಟ್ಟಿದಂತೆ. ಉಂಗುರಬೆರಳು ಪಕ್ಕಕ್ಕೆ ವಾಲುತ್ತದೆ, ಕೀಲು ಮಡಚಿಕೊಂಡೇ ಗಟ್ಟಿಯಾಗುತ್ತದೆ. ಹೆಬ್ಬೆರಳು ತೋರುಬೆರಳಿಗೆ ಕೂಡಿದ್ದರೆ ಇನ್ನೂ ಅವಸರ. ಹೆಬ್ಬೆರಳು ಬಿಡುವಾಗದೆ ಹಿಡಿತವೇ ಇಲ್ಲ, ಮಗು ಹಿಡಿಯಲು ಕಲಿಯುವುದೇ ಆರು ತಿಂಗಳ ಆಸುಪಾಸಿನಲ್ಲಿ. ಇಂಥ ಅಂಚಿನ ಬೆರಳುಗಳನ್ನು ಸುಮಾರು 6 ತಿಂಗಳಿಗೇ ಬಿಡಿಸಲು ಆರಂಭಿಸುವುದು ರೂಢಿ. ತುದಿಗಳ ಮೂಳೆ ಬೆಸೆದಿದ್ದರೂ ಹೀಗೆಯೇ.

ನಡುಬೆರಳು, ಉಂಗುರಬೆರಳಿನ ಜೋಡಿ ಬೇರೆ. ಕೈಯಲ್ಲಿ ಅತಿ ಹೆಚ್ಚು ಕೂಡುವುದೂ ಇದೇ ಜೋಡಿ. ಉದ್ದ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಒಂದನ್ನೊಂದು ಬಾಗಿಸುವುದಿಲ್ಲ. 12ರಿಂದ 24 ತಿಂಗಳ ನಡುವೆ ಮಾಡಿಸಿದರೆ ಅನುಕೂಲ ಹಲವು: ಕೈ ದೊಡ್ಡದಾಗಿರುತ್ತದೆ, ಸಣ್ಣ ನರ, ರಕ್ತನಾಳಗಳು ವೈದ್ಯರ ಕಣ್ಣಿಗೆ ಚೆನ್ನಾಗಿ ಸಿಗುತ್ತವೆ, ಅರಿವಳಿಕೆಯೂ ಹೆಚ್ಚು ಸುರಕ್ಷಿತ. ತೀರಾ ಎಳವೆಯಲ್ಲಿ ಮಾಡಿದರೆ ಬೆಳೆಯುತ್ತ ಸಂದು ಮತ್ತೆ ಮುಚ್ಚಿಕೊಂಡು ಬರುವ ಸಂಭವ ಹೆಚ್ಚು. ನನ್ನ ಮಗನಿಗೆ ಮಾಡಿಸಿದ್ದು ಹದಿನೈದನೆಯ ತಿಂಗಳಲ್ಲಿ.

ಶಾಲೆಗೆ ಸೇರಿದ ಮೇಲೆ ಎಂಬ ಅಮ್ಮನ ಮಾತಿನಲ್ಲಿಯೂ ಹುರುಳಿಲ್ಲದೆ ಇಲ್ಲ. ಐದು ವರ್ಷದ ಮಗು ಹೇಳಿದ್ದು ಕೇಳುತ್ತದೆ, ಕಟ್ಟನ್ನು ಕೀಳುವುದಿಲ್ಲ, ವ್ಯಾಯಾಮ ಮಾಡುತ್ತದೆ. ಆದರೆ ಅಷ್ಟರೊಳಗೆ ಕೈ ತನ್ನದೇ ಹಿಡಿತ ಕಲಿತು ಅದನ್ನೇ ರೂಢಿಸಿಕೊಂಡಿರುತ್ತದೆ. ಬೇರೆ ಮಕ್ಕಳ ಕಣ್ಣಿಗೂ ಬಿದ್ದಿರುತ್ತದೆ. ಎರಡನೆಯದು ಹಗುರವಾದ ನೋವಲ್ಲ.

ಅರಿವಳಿಕೆಯ ಭಯ ನನಗೂ ಇತ್ತು. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, 3 ವರ್ಷದೊಳಗಿನ ಮಕ್ಕಳಿಗೆ 3 ಗಂಟೆಗಿಂತ ದೀರ್ಘವಾದ ಅಥವಾ ಪದೇ ಪದೇ ಕೊಡುವ ಅರಿವಳಿಕೆಯ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಎಳೆಗೂಸುಗಳಿಗೆ ಒಂದೇ ಸಲ, ಒಂದು ಗಂಟೆಗಿಂತ ಕಡಿಮೆ ಹೊತ್ತು ಕೊಟ್ಟ ಅರಿವಳಿಕೆಯನ್ನು ನೋಡಿದ ದೊಡ್ಡ ಅಂತರರಾಷ್ಟ್ರೀಯ ಅಧ್ಯಯನವೊಂದರ 2019ರ ವರದಿಯಲ್ಲಿ, ಐದು ವರ್ಷದ ವಯಸ್ಸಿಗೆ ಬುದ್ಧಿಶಕ್ತಿಯಲ್ಲಿ ವ್ಯತ್ಯಾಸ ಕಂಡಿರಲಿಲ್ಲ. ಬೆರಳು ಬಿಡಿಸುವ ಕೆಲಸ ಇವೆರಡರ ನಡುವೆ ಬೀಳುವುದೇ ಹೆಚ್ಚು. ಹಾಗಾಗಿ ಕೇಳಬೇಕಾದ ಪ್ರಶ್ನೆ: "ಎಷ್ಟು ಹೊತ್ತು, ಒಟ್ಟು ಎಷ್ಟು ಸಲ?" ಮಕ್ಕಳಿಗೆ ಅರಿವಳಿಕೆ ಕೊಟ್ಟು ಪಳಗಿದವರು ಅಲ್ಲಿದ್ದಾರೆಯೇ ಎಂದೂ ಕೇಳಿ. ಸಂಕೋಚ ಬೇಡ.

ಒಂದೇ ಸಲವೋ, ಕಂತಿನಲ್ಲೋ

ಮೂರು ಬೆರಳು ಸಾಲಾಗಿ ಕೂಡಿದ್ದರೆ ಒಂದೇ ದಿನ ಎಲ್ಲವನ್ನೂ ಬಿಡಿಸಿಬಿಡಿ ಎಂದು ಕೇಳಬೇಡಿ. ಒಂದೊಂದು ಬೆರಳಿಗೂ ಎಡಬಲದಲ್ಲಿ ಒಂದೊಂದು ರಕ್ತನಾಳವಿದೆ. ನಡುವಿನ ಬೆರಳನ್ನು ಎರಡೂ ಕಡೆಯಿಂದ ಒಮ್ಮೆಗೇ ಬಿಡಿಸಿದರೆ ಎರಡೂ ನಾಳಕ್ಕೆ ಪೆಟ್ಟಾಗಿ ಬೆರಳೇ ಸತ್ತುಹೋಗುವ ಅಪಾಯ. ಒಂದು ಬದಿ ಈಗ, ಇನ್ನೊಂದು ಬದಿ ಮೂರರಿಂದ ಆರು ತಿಂಗಳ ಮೇಲೆ. ಎರಡೂ ಕೈಯಲ್ಲಿ ಇದ್ದರೆ ಮಾತ್ರ ಒಂದೇ ಅರಿವಳಿಕೆಯಲ್ಲಿ ಎರಡು ಕೈ ಮುಗಿಸಬಹುದು. ಮಗು ಇನ್ನೂ ನಡೆಯದಿರುವಾಗ ಅದು ಸುಲಭ. ಎರಡೂ ಕೈಗೆ ಕಟ್ಟು ಬಿದ್ದ ಓಡುವ ಮಗುವನ್ನು ಮೂರು ವಾರ ನೋಡಿಕೊಳ್ಳುವುದು ಮನೆಮಂದಿಗೆಲ್ಲ ಕಷ್ಟ.

ಬೇರೆಡೆಯ ಚರ್ಮವೋ, ಅಲ್ಲಿಯದೇ ಚರ್ಮವೋ

"ನಡುವೆ ಒಂದು ಗೀರು ಎಳೆದರೆ ಮುಗಿಯಿತಲ್ಲ?" ಎಂದು ನಾನೂ ಅಂದುಕೊಂಡಿದ್ದೆ. ಒಬ್ಬ ಶಸ್ತ್ರವೈದ್ಯೆ ಮೇಜಿನ ಖಾನೆಯಿಂದ ದಾರ ತೆಗೆದು ನನ್ನ ಎರಡು ಬೆರಳನ್ನು ಜೋಡಿಸಿ ಒಂದು ಸುತ್ತು ಸುತ್ತಿ ಗುರುತು ಹಾಕಿದರು. ಆಮೇಲೆ ಅದೇ ದಾರವನ್ನು ಒಂದೊಂದೇ ಬೆರಳಿಗೆ ಸುತ್ತಿಸಿದರು. ದಾರ ಸಾಲಲಿಲ್ಲ. ಎರಡು ಬೆರಳನ್ನು ಒಟ್ಟಿಗೆ ಮುಚ್ಚಲು ಬೇಕಾದ ಚರ್ಮಕ್ಕಿಂತ ಬೇರೆಬೇರೆಯಾಗಿ ಮುಚ್ಚಲು ಸುಮಾರು 22 ಶೇಕಡಾ ಹೆಚ್ಚು ಬೇಕು. ನೀವೂ ಸುತ್ತಿ ನೋಡಿ. ಅಷ್ಟು ಚರ್ಮ ಎಲ್ಲಿಂದ ತರುವುದು ಎಂಬುದೇ ಈ ಶಸ್ತ್ರಚಿಕಿತ್ಸೆಯ ಮುಖ್ಯ ಲೆಕ್ಕ.

ಮೊದಲ ದಾರಿ ಕಸಿ. ಬೆರಳಿನುದ್ದಕ್ಕೂ ಅಂಕುಡೊಂಕಾಗಿ ಕೊಯ್ದು, ಸಂದಿನ ಬುಡಕ್ಕೆ ಕೈಯ ಮೇಲ್ಭಾಗದ ಚರ್ಮವನ್ನು ಮಡಚಿ ಇಳಿಸಿ, ಬರಿದಾಗಿ ಉಳಿದ ಕಡೆ ಬೇರೆ ಜಾಗದ ಪೂರ್ತಿ ದಪ್ಪದ ಚರ್ಮ ಹೊಲಿಯುತ್ತಾರೆ. ನೇರ ಗೆರೆಯಲ್ಲಿ ಕೊಯ್ದರೆ ಗಾಯದ ಗೆರೆ ಕುಗ್ಗಿ ಬೆರಳನ್ನು ಮಡಚಿಸುತ್ತದೆ, ಅದಕ್ಕಾಗಿ ಅಂಕುಡೊಂಕು. ತುದಿಯವರೆಗೆ ಕೂಡಿದ ಬೆರಳಿಗೆ ಇದು ಹಳೆಯ, ನಂಬಿಕೆಯ ದಾರಿ. ಚರ್ಮವನ್ನು ತೊಡೆಸಂದಿನಿಂದ ತೆಗೆದರೆ ಗೆರೆ ಬಟ್ಟೆಯೊಳಗೆ ಅಡಗುತ್ತದೆ, ಬೇಕಾದಷ್ಟು ಸಿಗುತ್ತದೆ. ಆದರೆ ನಮ್ಮಂಥ ಕಪ್ಪು, ಗೋಧಿ ಮೈಬಣ್ಣದವರಿಗೆ ಆ ತೇಪೆ ಬೆರಳಿನ ಮೇಲೆ ಎದ್ದು ಕಾಣುವಷ್ಟು ಕಪ್ಪಾಗುತ್ತದೆ. ಒಳಬದಿಗೆ ಸರಿದು ತೆಗೆದಿದ್ದರೆ ಹರೆಯ ಬಂದಾಗ ಅಲ್ಲಿ ಕೂದಲೂ ಬೆಳೆಯುತ್ತದೆ. ಮೊಣಕೈಯ ಒಳಮಡಿಕೆಯ ಚರ್ಮ ಬಣ್ಣಕ್ಕೆ ಹತ್ತಿರ, ಸಿಗುವುದು ಕಡಿಮೆ, ಗೆರೆ ಕಣ್ಣಿಗೆ ಬೀಳುತ್ತದೆ. ಎಲ್ಲಿಂದ ತೆಗೆಯುತ್ತೀರಿ ಎಂದು ಮೊದಲೇ ಕೇಳಿಕೊಳ್ಳಿ. ನಾನು ಕೇಳಲಿಲ್ಲ, ಮಗನ ಉಂಗುರಬೆರಳಿನ ಪಕ್ಕದಲ್ಲಿ ಕಾಫಿಬೀಜದ ಬಣ್ಣದ ಒಂದು ಪಟ್ಟಿ ಇದೆ.

ಎರಡನೆಯ ದಾರಿಯಲ್ಲಿ ಕಸಿ ಇಲ್ಲ. ಕೈಯ ಮೇಲ್ಭಾಗದ ಚರ್ಮವನ್ನೇ ಜಾರಿಸಿ ಸಂದಿಗೆ ತರುತ್ತಾರೆ, ಬೆರಳಿನ ಕೊಬ್ಬನ್ನು ತುಸು ತೆಗೆದು ಇರುವ ಚರ್ಮದಲ್ಲೇ ಮುಚ್ಚುತ್ತಾರೆ. ಹೊತ್ತು ಕಡಿಮೆ, ಎರಡನೆಯ ಗಾಯವಿಲ್ಲ, ಬಣ್ಣ ಬೇರೆಯಾಗುವುದಿಲ್ಲ. ಅರ್ಧದವರೆಗೆ ಮಾತ್ರ ಕೂಡಿದ, ಚರ್ಮ ಸಡಿಲವಿರುವ ಬೆರಳಿಗೆ ಇದು ಒಪ್ಪುತ್ತದೆ. ಬದಲಿಗೆ ಕೈಯ ಮೇಲೆ ಒಂದು ಗೆರೆ ಉಳಿಯುತ್ತದೆ. ಬಿಗಿಯಾದ ಬೆರಳಿಗೆ ಬಲವಂತವಾಗಿ ಇದನ್ನೇ ಮಾಡಿದರೆ ಹೊಲಿಗೆ ಎಳೆದು ಚರ್ಮ ಸಾಯಬಹುದು. ಯಾವುದು ಎಂದು ನೀವು ಆರಿಸಬೇಕಿಲ್ಲ. ನಿಮ್ಮ ವೈದ್ಯರಿಗೆ ಯಾವುದರಲ್ಲಿ ಕೈ ಪಳಗಿದೆ, ನಿಮ್ಮ ಮಗುವಿಗೆ ಏಕೆ ಅದು ಎಂದು ಕೇಳಿದರೆ ಸಾಕು.

ಮೂರನೆಯದೊಂದನ್ನು ಹಳ್ಳಿಗಳಲ್ಲಿ ಇನ್ನೂ ಹೇಳುತ್ತಾರೆ: ನಡುವಿನ ಚರ್ಮಕ್ಕೆ ದಾರ ಪೋಣಿಸಿ ಬಿಗಿದು ದಿನದಿನಕ್ಕೆ ಕತ್ತರಿಸಿಕೊಳ್ಳುವಂತೆ ಮಾಡುವುದು. ದಯವಿಟ್ಟು ಬೇಡ. ಆ ಚರ್ಮದೊಳಗೆ ನರವಿದೆ, ರಕ್ತನಾಳವಿದೆ. ಕೀವಾಗಿ ಬೆರಳೇ ಹೋಗಬಹುದು.

ಎಲ್ಲಿ, ಯಾರ ಹತ್ತಿರ

ಪ್ಲಾಸ್ಟಿಕ್ ಸರ್ಜನ್, ಮೂಳೆ ವೈದ್ಯರು, ಮಕ್ಕಳ ಶಸ್ತ್ರವೈದ್ಯರು ಮೂವರೂ ಇದನ್ನು ಮಾಡುತ್ತಾರೆ. ಹೆಸರಿನ ಮುಂದಿನ ಪದವಿಗಿಂತ, ಮಕ್ಕಳ ಕೈಯನ್ನು ಎಷ್ಟು ಸಲ ಮುಟ್ಟಿದ್ದಾರೆ ಎಂಬುದು ಮುಖ್ಯ. ಕೈ ಶಸ್ತ್ರಚಿಕಿತ್ಸೆಯಲ್ಲಿಯೇ ತರಬೇತಾದವರು ಸಿಕ್ಕರೆ ಬಿಡಬೇಡಿ. ಕರ್ನಾಟಕದಿಂದ ಬಹಳ ಜನ ವೆಲ್ಲೂರಿನ ಸಿಎಂಸಿಗೆ, ಕೊಯಮತ್ತೂರಿನ ಗಂಗಾ ಆಸ್ಪತ್ರೆಗೆ ಹೋಗುತ್ತಾರೆ. ಎರಡೂ ಕಡೆ ಕೈಗೆಂದೇ ವಿಭಾಗವಿದೆ. ಆದರೆ ಕಟ್ಟು ಬಿಚ್ಚಿಸಲು, ತೋರಿಸಲು ಮತ್ತೆ ಮತ್ತೆ ಹೋಗಬೇಕು. ಸರಳವಾಗಿ ಕೂಡಿದ ಬೆರಳಿಗೆ ಬೆಂಗಳೂರು, ಮಣಿಪಾಲ, ಹುಬ್ಬಳ್ಳಿಯಂಥ ಊರುಗಳ ವೈದ್ಯಕೀಯ ಕಾಲೇಜುಗಳ ಪ್ಲಾಸ್ಟಿಕ್ ಸರ್ಜರಿ ವಿಭಾಗವೇ ಸಾಕು. ಮೂಳೆ ಬೆಸೆದಿದ್ದರೆ, ಮೂರ್ನಾಲ್ಕು ಬೆರಳು ಸೇರಿದ್ದರೆ ದೂರ ಹೋಗುವುದು ಸಾರ್ಥಕ.

ಖರ್ಚಿನ ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್ ಕುಟುಂಬಕ್ಕೆ ಯೋಜನೆಯ ದರದ 30 ಶೇಕಡಾ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ನಿಮ್ಮ ಮಗುವಿನ ಚಿಕಿತ್ಸೆ ಯಾವ ಪಟ್ಟಿಗೆ ಬರುತ್ತದೆ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ದಾಖಲಾಗುವ ಮುಂಚೆಯೇ ಕೇಳಿ. ಅಂಗನವಾಡಿ, ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೂ ತೋರಿಸಿ, ಅವರು ಜಿಲ್ಲಾ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಖಾಸಗಿ ವಿಮೆಯನ್ನು ನೆಚ್ಚಿ ಕೂರಬೇಡಿ: ಹುಟ್ಟಿನಿಂದ ಬಂದ, ಹೊರಗೆ ಕಾಣುವ ದೋಷಗಳನ್ನು ಬಹಳಷ್ಟು ಪಾಲಿಸಿಗಳು ಹೊರಗಿಟ್ಟಿರುತ್ತವೆ. ಕಂಪನಿಗಳು ನೌಕರರಿಗೆ ಕೊಡುವ ಗುಂಪು ವಿಮೆಯಲ್ಲಿ ಕೆಲವೊಮ್ಮೆ ಸೇರಿರುತ್ತದೆ, ಷರತ್ತು ಓದಿ ನೋಡಿ.

ಮನೆಗೆ ಬಂದ ಮೇಲೆ

ಶಸ್ತ್ರಚಿಕಿತ್ಸೆ ವೈದ್ಯರದು, ಉಳಿದ ಅರ್ಧ ನಿಮ್ಮದು. ಕಟ್ಟು ಮೊಣಕೈಗಿಂತ ಮೇಲಕ್ಕೆ, ಕೈ ಮಡಚಿದ ಹಾಗೆ ಇರಬೇಕು. ನಮಗೆ ಮೊದಲು ಹಾಕಿದ್ದು ಮೊಣಕೈಯ ಕೆಳಗೇ ನಿಂತಿತ್ತು. ಐದನೆಯ ದಿನ ನಾನು ಹಾಲು ಕಾಯಿಸಿ ತಿರುಗುವಷ್ಟರಲ್ಲಿ ಅವನು ಅದನ್ನು ಕಾಲುಚೀಲದಂತೆ ಕಳಚಿ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ. ರಾತ್ರಿಯೇ ಬಸ್ಸು ಹಿಡಿದು ಬೆಂಗಳೂರಿಗೆ ಓಡಿದೆವು. ಕಸಿಯ ಒಂದು ಅಂಚು ಕಪ್ಪಾಗಿ ಉದುರಿತು, ಉಳಿದದ್ದು ಹಿಡಿದುಕೊಂಡಿತು. ಚಿಕ್ಕ ಮಕ್ಕಳ ಕೈ ಜಾರುತ್ತದೆ ಎಂದು ಮೊದಲೇ ಯಾರಾದರೂ ಹೇಳಿದ್ದರೆ ಸಾಕಿತ್ತು.

ಎರಡು ಮೂರು ವಾರಕ್ಕೆ ಕಟ್ಟು ಹೋಗುತ್ತದೆ. ಆಮೇಲೆ ದಿನಕ್ಕೆ ಮೂರ್ನಾಲ್ಕು ಸಲ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿ ಗಾಯದ ಗೆರೆಯನ್ನು, ಮುಖ್ಯವಾಗಿ ಸಂದಿನ ಬುಡವನ್ನು, ಹೆಬ್ಬೆರಳಿನಿಂದ ಒತ್ತಿ ತೀಡಬೇಕು. ರಾತ್ರಿ ಬೆರಳ ಸಂದಿಗೆ ಸಿಲಿಕಾನ್ ತುಂಡು ಇಡಲು ಹೇಳುತ್ತಾರೆ. ತಿಂಗಳುಗಟ್ಟಲೆ ಮಾಡಬೇಕು. ಏಕೆಂದರೆ ಮಗು ಬೆಳೆದಂತೆ ಗಾಯದ ಗೆರೆ ಅದೇ ವೇಗದಲ್ಲಿ ಹಿಗ್ಗುವುದಿಲ್ಲ; ಸಂದಿನ ಚರ್ಮ ಮೆಲ್ಲಗೆ ಮುಂದಕ್ಕೆ ತೆವಳುತ್ತದೆ. ಕೆಲವು ಮಕ್ಕಳಿಗೆ ಇದನ್ನು ಹಿಂದೆ ಸರಿಸಲು ಎರಡನೆಯ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಹಾಗಾಗಿ ಬೆಳವಣಿಗೆ ನಿಲ್ಲುವವರೆಗೆ ವರ್ಷಕ್ಕೊಮ್ಮೆ ತೋರಿಸುವುದನ್ನು ತಪ್ಪಿಸಬೇಡಿ.

ಅದನ್ನು ಅಳೆಯಲು ನಮ್ಮ ಮನೆಯಲ್ಲಿ ಒಂದು ನೋಟುಪುಸ್ತಕವಿದೆ. ಪ್ರತಿ ಯುಗಾದಿಯ ಬೆಳಗ್ಗೆ ಎಣ್ಣೆನೀರು ಮುಗಿದ ಮೇಲೆ ಅವನು ಎರಡೂ ಕೈಯನ್ನು ಹಾಳೆಯ ಮೇಲೆ ಅಗಲಿಸಿ ಇಡುತ್ತಾನೆ, ನಾನು ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆಯುತ್ತೇನೆ. ಬಲಗೈಯ ಸಂದು ಎಲ್ಲಿದೆ, ಎಡಗೈಯದು ಎಲ್ಲಿದೆ ಎಂದು ಎರಡನ್ನೂ ಜೋಡಿಸಿ ಬೆಳಕಿಗೆ ಹಿಡಿದರೆ ತಿಳಿಯುತ್ತದೆ. ಮೂರು ವರ್ಷ ಎರಡೂ ಒಂದೇ ಮಟ್ಟದಲ್ಲಿದ್ದವು. ಈ ಸಲ ಎಡಗೈಯ ಗೆರೆ ಅಕ್ಕಿಕಾಳಿನಷ್ಟು ಮುಂದೆ ಬಂದಿದೆ. ಮುಂದಿನ ತಿಂಗಳು ಹೋಗುವಾಗ ಪುಸ್ತಕವನ್ನೂ ಒಯ್ಯುತ್ತೇನೆ. ಮತ್ತೆ ಮಾಡಿಸಬೇಕಾದರೆ ಬೇಸಿಗೆ ರಜೆಯಲ್ಲೇ ಆಗಬೇಕು, ಶಾಲೆಯ ಕ್ರಿಕೆಟ್ ತಪ್ಪಬಾರದು ಎಂದು ಅವನು ಈಗಾಗಲೇ ಹೇಳಿಬಿಟ್ಟಿದ್ದಾನೆ.